ರಾಜಿ ಎಂಬ ಮಾತಿನ ಜಾಡು ಹಿಡಿದು

ಮಾನ್ಯರೇ,

ಧಾರವಾಡದಲ್ಲಿ ಒಬ್ಬ ನೌಕರ ರಾಜೀನಾಮೆ ಬರೆದುಕೊಟ್ಟ ಎಂದರೆ ಅವನು ಕೆಲಸ ಬಿಟ್ಟ ಎಂದು ನಾವೆಲ್ಲ ತಿಳಿಯುತ್ತೇವೆ. ಅದೇ ಪದವನ್ನು ಲಖನೌದ ಕೋರ್ಟಿನ ಆವರಣದಲ್ಲಿ ಆಡಿದರೆ, ಇಬ್ಬರು ಕಕ್ಷಿದಾರರು ಜಗಳ ಬಿಟ್ಟರು ಎಂದು ಅಲ್ಲಿನವರು ತಿಳಿಯುತ್ತಾರೆ. ಕೇರಳಕ್ಕೆ ಹೋದರೆ ‘ನಾಮೆ’ಯ ಬಾಲವೂ ಬೇಕಿಲ್ಲ, ಮಂತ್ರಿಯೊಬ್ಬರು ‘ರಾಜಿ ವೆಚ್ಚು’ ಎಂದರೆ ಅಧಿಕಾರದಿಂದ ಇಳಿದರು ಎಂದೇ ಅರ್ಥ. ಇನ್ನು ಗುಜರಾತಿ ಮಾತಾಡುವ ತಾಯಿ ತನ್ನ ಮಗು ‘ರಾಜೀ’ ಆಯಿತು ಎಂದರೆ, ಮಗುವಿಗೆ ಖುಷಿಯಾಯಿತು ಎಂದು ಹೇಳುತ್ತಿದ್ದಾಳೆ, ಅಷ್ಟೆ. ಒಂದೇ ಮಾತು ಒಂದು ಕಡೆ ಕೆಲಸ ಬಿಡುವುದು, ಇನ್ನೊಂದು ಕಡೆ ಜಗಳ ಬಿಡುವುದು, ಮತ್ತೊಂದು ಕಡೆ ಸಂತೋಷಪಡುವುದು ಹೇಗಾಯಿತು ಎಂಬುದು ಈ ಸಂಜೆ ನಾನು ತಮ್ಮ ಮುಂದೆ ಇಡಬೇಕೆಂದಿರುವ ವಿಷಯ.

ಕಾಲೇಜಿನಲ್ಲಿ ಕನ್ನಡ ಪಾಠ ಹೇಳುತ್ತಿದ್ದಷ್ಟು ಕಾಲ ಈ ಪದದ ಕಡೆ ನಾನು ಹೆಚ್ಚು ಗಮನ ಕೊಟ್ಟವನಲ್ಲ. ನಿವೃತ್ತಿಯ ನಂತರ ಲೋಕ ಅದಾಲತ್ತಿನ ಪೀಠದಲ್ಲಿ ಸಂಧಾನಕಾರನಾಗಿ ಕೂರತೊಡಗಿದ ಮೇಲೆ ದಿನವೊಂದಕ್ಕೆ ಹತ್ತಾರು ಸಲ ಅದು ಕಿವಿಗೆ ಬೀಳತೊಡಗಿತು. ಬರುವವರಲ್ಲಿ ಬಹಳ ಮಂದಿ ‘ರಾಜಿ’ ಎಂದ ಕೂಡಲೇ ಮುಖ ಗಂಟಿಕ್ಕುತ್ತಿದ್ದರು. ರಾಜಿ ಎಂದರೆ ಸೋಲು, ಅರ್ಧಕ್ಕೆ ತೃಪ್ತಿಪಡುವುದು, ಬೆನ್ನುಮೂಳೆ ಇಲ್ಲದವರ ದಾರಿ ಎಂಬ ಭಾವನೆ ಅವರಲ್ಲಿ ಬೇರೂರಿತ್ತು. ಅದು ಅವರ ತಪ್ಪಲ್ಲ. ನಮ್ಮ ಪತ್ರಿಕೆಗಳು, ವೇದಿಕೆಗಳು, ಜಾಹೀರಾತುಗಳು ಈ ಪದವನ್ನು ಬಳಸುವ ಬಗೆಯೇ ಹಾಗಿದೆ. ‘ತತ್ತ್ವದಲ್ಲಿ ರಾಜಿ ಇಲ್ಲ’, ‘ಗುಣಮಟ್ಟದಲ್ಲಿ ರಾಜಿ ಮಾಡಿಕೊಳ್ಳುವುದಿಲ್ಲ’, ‘ರಾಜಿಯಿಲ್ಲದ ಹೋರಾಟ’ ಎಂಬ ಮಾತುಗಳನ್ನು ಕೇಳುತ್ತ ಬೆಳೆದವರು ರಾಜಿಯನ್ನು ಗೌರವಿಸುವುದಾದರೂ ಹೇಗೆ? ಈ ಪ್ರಯೋಗಗಳ ಹಿಂದೆ ಇಂಗ್ಲಿಷಿನ ‘ಕಾಂಪ್ರಮೈಸ್’ ಇದೆ ಎಂದು ನನ್ನ ಅಭಿಪ್ರಾಯ. ಆ ಇಂಗ್ಲಿಷ್ ಪದಕ್ಕಾದರೂ ಮೂಲದಲ್ಲಿ ಕೆಟ್ಟ ಅರ್ಥವಿರಲಿಲ್ಲ. ಪಂಚರ ತೀರ್ಪಿಗೆ ಇಬ್ಬರೂ ಬದ್ಧರಾಗಿರುತ್ತೇವೆ ಎಂದು ಪರಸ್ಪರ ಕೊಟ್ಟುಕೊಳ್ಳುವ ಭಾಷೆಗೆ ಲ್ಯಾಟಿನ್ನಿನಲ್ಲಿ ಇದ್ದ ಹೆಸರು ಅದು. ಕಾಲಾಂತರದಲ್ಲಿ ಅದಕ್ಕೆ ಹತ್ತಿದ ಮಸಿಯನ್ನು ನಾವು ಅನುವಾದದ ಮೂಲಕ ನಮ್ಮ ರಾಜಿಗೂ ಬಳಿದಿದ್ದೇವೆ.

ಪದದ ಊರಿಗೆ ಹೋಗೋಣ. ಅರಬ್ಬಿಯಲ್ಲಿ ‘ರಿದಾ’ ಎಂದರೆ ಸಂತೃಪ್ತಿ, ಮನಸ್ಸು ತುಂಬಿ ಒಪ್ಪಿದ ಸ್ಥಿತಿ. ಹಾಗೆ ತೃಪ್ತನಾದವನು ‘ರಾದೀ’. ಇಲ್ಲಿ ನಾನು ‘ದ’ ಎಂದು ಉಚ್ಚರಿಸುತ್ತಿರುವ ಅಕ್ಷರಕ್ಕೆ ಕನ್ನಡದಲ್ಲಿ ಸರಿಯಾದ ಲಿಪಿಯಿಲ್ಲ; ನಾಲಿಗೆಯ ಅಂಚನ್ನು ದವಡೆಗೆ ಒತ್ತಿ, ಗಂಟಲನ್ನು ಬಿಗಿದು ಹೊರಡಿಸುವ ಧ್ವನಿ ಅದು. ಅದರ ಹೆಸರು ‘ದಾದ್’. ಅರಬರಿಗೆ ಆ ಅಕ್ಷರದ ಮೇಲೆ ಎಷ್ಟು ಅಭಿಮಾನವೆಂದರೆ ತಮ್ಮ ಭಾಷೆಯನ್ನೇ ‘ದಾದ್‌ನ ಭಾಷೆ’ ಎಂದು ಕರೆದುಕೊಂಡಿದ್ದಾರೆ. ಪಾರ್ಸಿ ಮಾತಾಡುವವರ ನಾಲಿಗೆಗೆ ಈ ಧ್ವನಿ ಒಗ್ಗಲಿಲ್ಲ. ಅವರು ಅದನ್ನು ‘ಜ಼’ ಎಂದು ಆಡಿದರು. ರಾದೀ ‘ರಾಜ಼ೀ’ ಆಯಿತು. ಆ ‘ಜ಼’ ನಮ್ಮ ಬಾಯಲ್ಲಿ ‘ಜ’ ಆಗಿ, ರಾಜಿ ಕನ್ನಡದ್ದಾಯಿತು.

ಈ ಒಂದು ಅಕ್ಷರ ಕನ್ನಡಕ್ಕೆ ಕರೆತಂದ ಬಳಗವನ್ನು ಒಮ್ಮೆ ನೋಡಬೇಕು. ಮುಂದಿಡುವುದು ಎಂಬ ಅರ್ಥದ ಅರಬ್ಬಿ ಮಾತಿನಿಂದ ನಮ್ಮ ಅರ್ಜಿ ಬಂತು. ಎದುರಿಗಿರುವವನು ಎಂಬುದರಿಂದ ಹಾಜರು, ಹಾಜರಿ ಬಂದವು. ಹೊಣೆ ಹೊತ್ತವನು ಎಂಬುದರಿಂದ ಜಾಮೀನು, ಹಿಡಿತದಲ್ಲಿಡುವುದು ಎಂಬುದರಿಂದ ಜಪ್ತಿ, ಪಕ್ಕೆಲುಬು ಅಥವಾ ಪಕ್ಕ ಎಂಬುದರಿಂದ ಜಿಲ್ಲೆ, ತೀರ್ಪು ಕೊಡುವವನು ಎಂಬುದರಿಂದ ಕಾಜಿ. ಈ ಎಲ್ಲ ಮಾತುಗಳ ‘ಜ’ಕಾರ ಮೂಲದಲ್ಲಿ ಆ ದಾದ್ ಅಕ್ಷರವೇ. ರಂಜಾನ್ ತಿಂಗಳ ಹೆಸರಿನಲ್ಲಿರುವುದೂ ಅದೇ. ಅಂದರೆ ಜಿಲ್ಲಾ ಕೋರ್ಟಿಗೆ ಅರ್ಜಿ ಹಾಕಿ, ಹಾಜರಾಗಿ, ಜಾಮೀನು ಕೊಟ್ಟು, ಜಪ್ತಿ ತಪ್ಪಿಸಿಕೊಂಡು, ಕೊನೆಗೆ ರಾಜಿಯಾಗುವ ನಮ್ಮ ರೈತನ ಇಡೀ ಅಲೆದಾಟ ಒಂದೇ ಅಕ್ಷರದ ಮೇಲೆ ನಡೆದಿದೆ. ಇವು ಒಂದೇ ದಿನ, ಒಬ್ಬನೇ ಬರಹಗಾರನ ಕೈಯಿಂದ ಬಂದವಲ್ಲ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದಂದಿನಿಂದ, ಬಿಜಾಪುರದ ಆದಿಲಶಾಹಿ, ಮರಾಠರ ಕಚೇರಿಗಳು, ಹೈದರ್ ಮತ್ತು ಟಿಪ್ಪುವಿನ ಆಡಳಿತ, ಆಮೇಲೆ ಕಂಪನಿ ಸರಕಾರ, ಹೀಗೆ ಶತಮಾನಗಳ ಕಾಲ ಕಾಗದಪತ್ರಗಳ ಮೂಲಕ ಹಳ್ಳಿಹಳ್ಳಿಗೆ ಇಳಿದವು.

ಕಾವ್ಯಗಳಲ್ಲಿ ಬರುವ ‘ವನರಾಜಿ’, ‘ತರುರಾಜಿ’ಗಳ ರಾಜಿ ಬೇರೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಇಲ್ಲೇ ಹೇಳಿಬಿಡುತ್ತೇನೆ. ಅದು ಸಂಸ್ಕೃತದ್ದು, ಸಾಲು ಎಂಬ ಅರ್ಥದ್ದು. ಎರಡಕ್ಕೂ ನಂಟಿಲ್ಲ.

ಅರಬ್ಬಿಯ ರಾದೀ ಎಂಬ ಮಾತಿನಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಂಡದ್ದು ಅದರ ಎರಡು ಮುಖ. ಕುರಾನಿನ 89ನೆಯ ಅಧ್ಯಾಯದ ಕೊನೆಯಲ್ಲಿ ಶಾಂತವಾದ ಆತ್ಮವನ್ನು ಕುರಿತು, ನೀನು ನಿನ್ನ ಒಡೆಯನ ಬಳಿಗೆ ಮರಳು ಎಂದು ಹೇಳುವಾಗ, ‘ರಾದಿಯ’ ಮತ್ತು ‘ಮರ್ದಿಯ’ ಎಂಬ ಎರಡು ವಿಶೇಷಣಗಳು ಒಟ್ಟಿಗೆ ಬರುತ್ತವೆ. ತಾನು ತೃಪ್ತವಾಗಿರುವುದು, ತನ್ನ ಬಗ್ಗೆ ಒಡೆಯನೂ ತೃಪ್ತನಾಗಿರುವುದು. ಒಂದು ಕಡೆಯ ತೃಪ್ತಿ ಸಾಲದು. ಎರಡೂ ಕೂಡಿದರೆ ಮಾತು ಪೂರ್ತಿ. ನಮ್ಮ ನೆರೆಹೊರೆಯ ರಜಿಯಾ, ರಿಜ್ವಾನ್, ಮುರ್ತುಜಾ ಎಂಬ ಹೆಸರುಗಳೆಲ್ಲ ಇದೇ ಬೇರಿನವು. ಹೆತ್ತವರು ಮಗುವಿಗೆ ಸೋಲಿನ ಅರ್ಥದ ಹೆಸರನ್ನು ಇಡುವುದುಂಟೆ? ಹಿಂದಿಯಲ್ಲಿ ಕಾಗದ ಬರೆಯುವವರು ತಾವು ಕ್ಷೇಮವೆಂದು ತಿಳಿಸಲು ‘ರಾಜೀಖುಷಿ’ ಎಂದು ಬರೆಯುತ್ತಿದ್ದರು. ಮರಾಠಿ ದಸ್ತಾವೇಜುಗಳಲ್ಲಿ ‘ರಾಜೀಖುಷೀನೇ’ ಬರೆದುಕೊಟ್ಟೆ ಎಂಬ ಮಾತು ಬರುತ್ತದೆ. ನಮ್ಮ ಉತ್ತರ ಕರ್ನಾಟಕದ ಹಿರಿಯರೂ ‘ರಾಜಿಖುಷಿಯಿಂದ’ ಎನ್ನುತ್ತಾರೆ. ಒತ್ತಾಯವಿಲ್ಲದೆ, ಮನಸಾರೆ ಎಂಬುದು ಅದರ ಭಾವ. ಈ ರಾಜಿಖುಷಿ ಎಂಬ ಜೋಡುಪದವನ್ನು ತಾವು ನೆನಪಿಟ್ಟುಕೊಳ್ಳಬೇಕು; ಮತ್ತೆ ಅದರ ಹತ್ತಿರ ಬರುತ್ತೇನೆ.

ಇಷ್ಟು ಒಳ್ಳೆಯ ಮಾತಿಗೆ ಕಾಗದ ಎಂಬರ್ಥದ ಪಾರ್ಸಿಯ ‘ನಾಮಾ’ ಸೇರಿದರೆ ಒಪ್ಪಿಗೆಯ ಪತ್ರ ಎಂದಾಗಬೇಕು. ಉತ್ತರದಲ್ಲಿ ಹಾಗೆಯೇ ಆಯಿತು. ಕನ್ನಡ, ಮರಾಠಿ, ಗುಜರಾತಿ, ತೆಲುಗು, ತಮಿಳುಗಳಲ್ಲಿ ಅದು ಕೆಲಸ ಬಿಡುವ ಪತ್ರವಾದದ್ದು ಹೇಗೆ? ಇದಕ್ಕೆ ಉತ್ತರ ನನಗೆ ಸಿಕ್ಕಿದ್ದು ನಮ್ಮ ಮನೆಯ ಅಟ್ಟದ ಮೇಲಿದ್ದ ತಗಡಿನ ಪೆಟ್ಟಿಗೆಯಲ್ಲಿ. ನಮ್ಮ ಮುತ್ತಜ್ಜ ಒಂದು ಹೊಲವನ್ನು ಬಿಟ್ಟುಕೊಟ್ಟಾಗಿನ ಕಾಗದ ಅದು. ಮಡಿಕೆಗಳಲ್ಲಿ ಹರಿದು, ಅಂಚು ಕಂದಾಗಿ, ಮುಟ್ಟಿದರೆ ಪುಡಿಯಾಗುವಂತಿದೆ. ಹಿಂದೆ ಮರಾಠಿ ಕಾಗದಪತ್ರಗಳಿಗೆ ಬಳಸುತ್ತಿದ್ದ ಮೋಡಿ ಲಿಪಿಯಲ್ಲಿ ಬರೆದ ನಾಲ್ಕೈದು ಸಾಲು, ಕೆಳಗೆ ಸಹಿಯ ಜಾಗದಲ್ಲಿ ಮಸಿಯಿಂದ ಗೀಚಿದ ಒಂದು ಪುಟ್ಟ ನೇಗಿಲು. ಅಕ್ಷರ ಬಾರದ ಒಕ್ಕಲಿಗರು ಆ ಕಾಲದಲ್ಲಿ ಸಹಿಯ ಬದಲು ನೇಗಿಲಿನ ನಿಶಾನಿ ಹಾಕುತ್ತಿದ್ದರು. ಮೋಡಿ ಬಲ್ಲವರೊಬ್ಬರಿಂದ ಓದಿಸಿದಾಗ ಆ ಕಾಗದದ ತಲೆಬರಹ ‘ರಾಜೀನಾಮಾ’ ಎಂದು ತಿಳಿಯಿತು. ನಮ್ಮ ಮುತ್ತಜ್ಜ ಯಾವ ನೌಕರಿಯಲ್ಲೂ ಇರಲಿಲ್ಲ, ಯಾರೊಂದಿಗೂ ವ್ಯಾಜ್ಯ ಹೂಡಿರಲಿಲ್ಲ. ಹಾಗಾದರೆ ಇದೇನು?

ಮುಂಬಯಿ ಪ್ರಾಂತದಲ್ಲಿ, ಅಂದರೆ ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರದ ಕಡೆಗಳಲ್ಲೂ, ರೈತ ಸರಕಾರಕ್ಕೆ ನೇರವಾಗಿ ಕಂದಾಯ ಕಟ್ಟುವ ಪದ್ಧತಿಯಿತ್ತು. ಹೊಲ ಯಾರ ಹೆಸರಿನಲ್ಲಿದೆಯೋ ಅವನು ಕಂದಾಯಕ್ಕೆ ಹೊಣೆ. ಅವನಿಗೆ ಅದು ಬೇಡವಾದರೆ ಅಥವಾ ಇನ್ನೊಬ್ಬನಿಗೆ ಕೊಟ್ಟರೆ, ತಾಲೂಕಿನ ಕಂದಾಯ ಅಧಿಕಾರಿಯಾದ ಮಾಮಲೇದಾರನಿಗೆ ಎರಡು ಕಾಗದಗಳು ಸಲ್ಲಬೇಕಾಗಿತ್ತು. ಬಿಡುವವನು ಕೊಡುವುದು ರಾಜೀನಾಮೆ. ಹಿಡಿಯುವವನು ಕೊಡುವುದು ಕಬೂಲಾಯತು. ಈ ಹೊಲ ಇಂಥವನ ಹೆಸರಿಗೆ ಹೋಗಲು ನಾನು ರಾಜಿ ಎಂದು ಒಬ್ಬ. ಇದರ ಕಂದಾಯದ ಹೊಣೆ ನನಗೆ ಕಬೂಲು ಎಂದು ಇನ್ನೊಬ್ಬ. 1879ರ ಮುಂಬಯಿ ಭೂಕಂದಾಯ ಸಂಹಿತೆಯ ಕಾಲದಲ್ಲಿ ಇದು ಮಾಮೂಲಾಗಿ ನಡೆಯುತ್ತಿದ್ದ ಕ್ರಮ. ಜಮೀನಿನ ಕ್ರಯವೂ ಎಷ್ಟೋ ಸಲ ಈ ಎರಡು ಕಾಗದಗಳ ಮೂಲಕವೇ ಮುಗಿಯುತ್ತಿತ್ತು. ಒಪ್ಪಿಗೆಯ ಪತ್ರ ಎಂದು ಹೊರಟದ್ದು, ಏನನ್ನು ಒಪ್ಪಿದ ಎಂದು ಕೇಳಿದರೆ ಬಿಡುವುದನ್ನು ಒಪ್ಪಿದ ಎಂಬ ಉತ್ತರವೇ ಮತ್ತೆ ಮತ್ತೆ ಬಂದದ್ದರಿಂದ, ಬಿಡುವ ಪತ್ರ ಎಂದೇ ಜನರ ಮನಸ್ಸಿನಲ್ಲಿ ನಿಂತಿತು. ಹೊಲ ಬಿಡಲು ಬಳಸಿದ ಮಾತನ್ನು ಕುಲಕರ್ಣಿಕೆ ಬಿಡಲು, ನೌಕರಿ ಬಿಡಲು, ಕೊನೆಗೆ ಮಂತ್ರಿಗಿರಿ ಬಿಡಲು ಬಳಸಿದರು. ನಮ್ಮ ಕಡೆ ಅರ್ಥ ತಿರುಗಿದ್ದು ಈ ಹಾದಿಯಲ್ಲೇ ಎಂದು ಆ ನೇಗಿಲಿನ ಗುರುತನ್ನು ನೋಡಿದಂದಿನಿಂದ ನಾನು ನಂಬಿದ್ದೇನೆ.

ಇಲ್ಲಿ ಒಂದು ನೋವಿನ ಅಂಶವೂ ಇದೆ. ಮುತ್ತಜ್ಜ ಆ ಹೊಲವನ್ನು ನಿಜವಾಗಿ ರಾಜಿಖುಷಿಯಿಂದ ಬಿಟ್ಟನೋ, ಸಾಲಕ್ಕೆ ಕೈಕಟ್ಟಿ ಬಿಟ್ಟನೋ ಕಾಗದ ಹೇಳುವುದಿಲ್ಲ. ಬರೆದವನು ಕಚೇರಿಯ ಬರಹಗಾರ. ಮುತ್ತಜ್ಜನ ಕೈಯಿಂದ ಬಂದದ್ದು ಆ ನೇಗಿಲು ಮಾತ್ರ. ಅದರ ಗೆರೆ ಎರಡು ಕಡೆ ನಡುಗಿದೆ.

ರಾಜಿ ಎಂಬ ಪದ ಬರುವ ಮೊದಲು ಕನ್ನಡಿಗರು ಜಗಳ ಬಗೆಹರಿಸುತ್ತಿರಲಿಲ್ಲವೆ ಎಂದು ಯಾರಾದರೂ ಕೇಳಬಹುದು. ನಮ್ಮ ಶಾಸನಗಳಲ್ಲಿ ಅದಕ್ಕೆ ಚೆಂದದ ಮಾತುಗಳಿವೆ. ‘ಒಡಂಬಡು’ ಎಂಬುದು ಒಂದು. ಒಡನೆ ಪಡು, ಜೊತೆಯಾಗಿ ಅನುಭವಿಸು ಎಂಬ ಭಾವ ಅದರಲ್ಲಿದೆ. ‘ಒಪ್ಪು’ ಎಂಬುದು ಇನ್ನೊಂದು. ಹಳಗನ್ನಡದಲ್ಲಿ ಒಪ್ಪು ಎಂದರೆ ಸೊಗಸಾಗಿ ಕಾಣು, ತಕ್ಕುದಾಗಿರು ಎಂದೂ ಅರ್ಥ. ಒಪ್ಪುವುದಕ್ಕೂ ಚೆಲುವಿಗೂ ಒಂದೇ ಮಾತನ್ನು ಇಟ್ಟುಕೊಂಡ ಭಾಷೆ ನಮ್ಮದು ಎಂದು ಹೇಳಿಕೊಳ್ಳಲು ನನಗೆ ಹೆಮ್ಮೆಯಿದೆ. ಪತ್ರದ ಕೊನೆಯ ಸಹಿಗೂ ‘ಒಪ್ಪ’ ಎಂದೇ ಹೆಸರು. ‘ಸ್ವರುಚಿಯಿಂದ ಒಡಂಬಟ್ಟು’ ಎಂಬ ಒಕ್ಕಣೆಯಂತೂ ರಾಜಿಖುಷಿಯ ಅಣ್ಣನೇ ಸರಿ.

1368ರ ಒಂದು ಶಾಸನವನ್ನು ನಾನು ಶ್ರವಣಬೆಳಗೊಳಕ್ಕೆ ಹೋದಾಗಲೆಲ್ಲ ನಿಂತು ನೋಡುತ್ತೇನೆ. ಭಂಡಾರಿ ಬಸದಿಯ ಬಳಿ ಇರುವ, ವಿಜಯನಗರದ ಬುಕ್ಕರಾಯನ ಕಾಲದ ಕಲ್ಲು ಅದು. ಜೈನರಿಗೂ ಭಕ್ತರಿಗೂ, ಅಂದರೆ ಶ್ರೀವೈಷ್ಣವರಿಗೂ, ‘ಸಂವಾದ’ವಾಯಿತು ಎಂದು ಅದು ಹೇಳುತ್ತದೆ. ಇಂದು ನಾವು ಸಂವಾದ ಎಂದರೆ ಸೌಹಾರ್ದದ ಮಾತುಕತೆ ಎನ್ನುತ್ತೇವೆ. ಆ ಕಲ್ಲಿನಲ್ಲಿ ಸಂವಾದ ಎಂದರೆ ಜಗಳ. ಭಕ್ತರಿಂದ ಆಗುತ್ತಿದ್ದ ಅನ್ಯಾಯಗಳನ್ನು ಜೈನರು ರಾಯನಲ್ಲಿ ಬಿನ್ನವಿಸಿಕೊಂಡರು. ರಾಯನು ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರೇ ಮೊದಲಾದ ವೈಷ್ಣವರನ್ನು ಕೂಡಿಸಿ, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ, ವೈಷ್ಣವರ ಕೈಯಲ್ಲಿ ಜೈನರ ಕೈಯನ್ನು ಹಿಡಿದುಕೊಟ್ಟನು. ಜೈನರಿಗೆ ಹಿಂದಿನಂತೆಯೇ ಪಂಚಮಹಾವಾದ್ಯಗಳೂ ಕಲಶವೂ ಸಲ್ಲಬೇಕೆಂದು ವಿಧಿಸಿದನು. ಜೈನ ದರ್ಶನಕ್ಕೆ ಹಾನಿಯಾದರೆ ಅದು ತಮಗೇ ಆದ ಹಾನಿಯೆಂದು ವೈಷ್ಣವರು ತಿಳಿಯಬೇಕು ಎಂಬ ಮಾತೂ ಅಲ್ಲಿದೆ.

ಆ ಕಲ್ಲಿನ ಮುಂದಿನ ಸಾಲುಗಳನ್ನು ಬಹಳ ಮಂದಿ ಓದದೆ ಬಿಡುತ್ತಾರೆ. ರಾಜ್ಯದ ಜೈನರು ಮನೆಗೆ ವರ್ಷಕ್ಕೆ ಒಂದು ‘ಹಣ’ದಂತೆ, ಅಂದರೆ ಆ ಹೆಸರಿನ ಆಗಿನ ಒಂದು ನಾಣ್ಯದಂತೆ, ಕೊಡಬೇಕು. ಆ ಹಣದಲ್ಲಿ ತಿರುಮಲೆಯ ತಾತಯ್ಯನು ಬೆಳಗೊಳದ ದೇವರಿಗೆ 20 ಮಂದಿ ಕಾವಲಿನವರನ್ನು ಇರಿಸಿ, ಉಳಿದುದರಲ್ಲಿ ಜೀರ್ಣವಾದ ಬಸದಿಗಳಿಗೆ ಸುಣ್ಣ ಹೊಡೆಸಬೇಕು. ಗೊಮ್ಮಟನ ಕಾವಲಿನ ಹೊಣೆ ವೈಷ್ಣವನೊಬ್ಬನ ಮೇಲೆ ಬಿತ್ತು. ಕೈಗೆ ಕೈ ಕೊಡಿಸಿದ್ದು ಆ ದಿನದ ಮಾತು. ಕಾವಲು ಮತ್ತು ಸುಣ್ಣ ಪ್ರತಿ ವರ್ಷದ ಮಾತು. ಜಗಳ ಮತ್ತೆ ಏಳದಂತೆ ನೋಡಿಕೊಳ್ಳುವ ಕೆಲಸಕ್ಕೆ ಹಣ, ಆಳು, ಹೊಣೆಗಾರನ ಹೆಸರು ಎಲ್ಲವನ್ನೂ ಬರೆದಿಟ್ಟ ಆ ಬರಹಗಾರನಿಗೆ ರಾಜಿಯ ಕಸುಬು ಚೆನ್ನಾಗಿ ಗೊತ್ತಿತ್ತು. ನಾವು ಇಂದು ಬರೆಯುವ ಎಷ್ಟೋ ರಾಜಿಪತ್ರಗಳಲ್ಲಿ ಇಷ್ಟು ವಿವರ ಇರುವುದಿಲ್ಲ.

ಅರಸರ ನಡುವಿನ ‘ಸಂಧಿ’ ಬೇರೆ ಬಗೆಯದು. 1909ರಲ್ಲಿ ಆರ್. ಶಾಮಶಾಸ್ತ್ರಿಗಳು ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸಂಧಿ ಎಂದರೆ ಪಣಬಂಧ, ಅಂದರೆ ಷರತ್ತುಗಳ ಕಟ್ಟು. ಮಾತು ಮತ್ತು ಆಣೆಯ ಮೇಲೆ ನಿಂತ ಸಂಧಿ ಅಲುಗಾಡುವಂಥದು, ಜಾಮೀನು ಮತ್ತು ಒತ್ತೆಯಾಳಿನ ಮೇಲೆ ನಿಂತದ್ದು ಗಟ್ಟಿ ಎಂದು ಹಿಂದಿನ ಆಚಾರ್ಯರು ಹೇಳಿದ್ದರು. ಕೌಟಿಲ್ಯ ಅದನ್ನು ಒಪ್ಪುವುದಿಲ್ಲ. ಸತ್ಯ ಮತ್ತು ಶಪಥದ ಸಂಧಿ ಇಹಪರಗಳೆರಡರಲ್ಲೂ ಸ್ಥಿರ. ಒತ್ತೆ ಎಂಬುದು ಇಲ್ಲಿಗಷ್ಟೇ, ಅದೂ ಬಲವಿದ್ದವನಿಗೆ ಎನ್ನುತ್ತಾನೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಒಪ್ಪಿ, ಇಬ್ಬರು ಮಕ್ಕಳನ್ನು ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸನ ಬಳಿ ಒತ್ತೆಯಿಟ್ಟನು. ಏಳು ವರ್ಷ ಕಳೆಯುವಷ್ಟರಲ್ಲಿ ಮತ್ತೆ ಯುದ್ಧ ನಡೆದು ಪಟ್ಟಣ ಬಿತ್ತು. ಅದನ್ನು ಸಂಧಿ ಎನ್ನಬಹುದು, ಒಪ್ಪಂದ ಎನ್ನಬಹುದು; ರಾಜಿ ಎಂದು ಕರೆಯಲು ನನಗೆ ನಾಲಿಗೆ ಬರುವುದಿಲ್ಲ. ಅಲ್ಲಿ ಯಾರೂ ತೃಪ್ತರಾಗಿರಲಿಲ್ಲ.

ಇನ್ನು ನಮ್ಮ ಕಾಲದ ಕಾನೂನಿಗೆ ಬರುತ್ತೇನೆ. ಪದದ ಮೂಲ ಅರ್ಥ ಅತ್ಯಂತ ಚೊಕ್ಕವಾಗಿ ಉಳಿದಿರುವುದು ಅಲ್ಲಿಯೇ ಎಂಬುದು ನನಗೆ ಆಶ್ಚರ್ಯ ತಂದಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೆಯ ಆದೇಶದ 3ನೆಯ ನಿಯಮದ ಪ್ರಕಾರ ರಾಜಿ ಕಾನೂನುಬದ್ಧವಾಗಿರಬೇಕು. 1976ರ ತಿದ್ದುಪಡಿಯ ನಂತರ ಅದು ಲಿಖಿತವಾಗಿರಬೇಕು, ಪಕ್ಷಕಾರರ ಸಹಿಯಿರಬೇಕು. ಲೋಕ ಅದಾಲತ್ತಿನಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟು ಶುಲ್ಕ ಮರಳಿ ಬರುತ್ತದೆ, ಅದರ ತೀರ್ಪಿನ ಮೇಲೆ ಮೇಲ್ಮನವಿ ಇಲ್ಲ. ಇಬ್ಬರೂ ಮನಸಾರೆ ಒಪ್ಪಿದ್ದಾರೆ ಎಂಬುದೇ ಅದರ ಆಧಾರ. ಕ್ರಿಮಿನಲ್ ಕಾನೂನಿನಲ್ಲಿ ‘ರಾಜಿಯಾಗಬಹುದಾದ ಅಪರಾಧ’ಗಳ ಪಟ್ಟಿಯೊಂದಿದೆ; ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 320ನೆಯ ಕಲಮು, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೆಯ ಕಲಮು. ಆ ಪಟ್ಟಿಯಲ್ಲಿ ಅಪರಾಧದ ಹೆಸರಿನ ಜೊತೆಗೆ, ಯಾರು ರಾಜಿಯಾಗಬಹುದು ಎಂಬ ಅಂಕಣವಿದೆ. ಪೆಟ್ಟು ತಿಂದವನು, ನಷ್ಟವಾದವನು, ನಿಂದೆಗೆ ಗುರಿಯಾದವನು ಎಂದು ಅಲ್ಲಿ ಬರೆದಿದೆ. ಊರಿನ ಹಿರಿಯರು, ಜಾತಿಯ ಮುಖಂಡರು, ಮನೆಯ ಯಜಮಾನ ಎಂದು ಎಲ್ಲಿಯೂ ಬರೆದಿಲ್ಲ. ನೋವು ಯಾರದೋ ತೃಪ್ತಿಯೂ ಅವರದೇ ಆಗಬೇಕು. ಕೊಲೆ, ಅತ್ಯಾಚಾರಗಳು ಆ ಪಟ್ಟಿಯಲ್ಲೇ ಇಲ್ಲ. ಅತ್ಯಾಚಾರದ ಪ್ರಕರಣದಲ್ಲಿ ಯಾವ ಸಂದರ್ಭದಲ್ಲೂ ರಾಜಿಗೆ ಎಡೆಯಿಲ್ಲವೆಂದು ಸುಪ್ರೀಂ ಕೋರ್ಟು 2015ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಹಳ್ಳಿಗಳಲ್ಲಿ ‘ರಾಜಿಪಂಚಾಯ್ತಿ’ಯ ಹೆಸರಿನಲ್ಲಿ ಹೆಣ್ಣುಮಕ್ಕಳ, ಕೂಲಿಯವರ, ದಲಿತರ ದೂರುಗಳನ್ನು ಮುಚ್ಚಿಹಾಕುವುದನ್ನು ನಾನು ಕಂಡಿದ್ದೇನೆ. ಕಟ್ಟೆಯ ಮೇಲೆ ಕೂತವರು ರಾಜಿಯಾಗುತ್ತಾರೆ, ಕೆಳಗೆ ನಿಂತವಳು ಹೆಬ್ಬೆಟ್ಟು ಒತ್ತುತ್ತಾಳೆ. ರಾಜಿ ಎಂಬ ಮಾತಿಗೆ ಇಂಗ್ಲಿಷಿನಿಂದ ಬಂದ ಮಸಿಗಿಂತ ಈ ಮಸಿ ದೊಡ್ಡದು. ಅಲ್ಲಿ ನಡೆದದ್ದು ರಾಜಿಯಲ್ಲ ಎಂದು ಹೇಳಲು ನಮ್ಮ ಬಳಿ ಪದದ ಮೂಲ ಅರ್ಥವೇ ಸಾಕ್ಷಿಯಾಗಿ ಇದೆ, ಕಾನೂನಿನ ಆ ಅಂಕಣವೂ ಇದೆ. ನಾನು ಈ ಪದದ ಹಿಂದೆ ಇಷ್ಟು ದೂರ ಹೋದದ್ದು ಅದಕ್ಕಾಗಿ.

ಕೆಲವು ವರ್ಷಗಳ ಹಿಂದೆ ನಮ್ಮ ಪೀಠದ ಮುಂದೆ ಒಂದು ಪಾಲಿನ ದಾವೆ ಬಂತು. ತಂದೆಯ ಹೊಲದಲ್ಲಿ ಅಕ್ಕ ತನ್ನ ಪಾಲು ಕೇಳಿದ್ದಳು. ತಮ್ಮಂದಿರಿಬ್ಬರು ಒಂದಿಷ್ಟು ಹಣ ಕೊಟ್ಟು ಹಕ್ಕು ಬಿಡಿಸಿಕೊಳ್ಳಲು ಬಂದಿದ್ದರು. ರಾಜಿ ಅರ್ಜಿ ಟೈಪಾಗಿ ಬಂದಿತ್ತು, ವಕೀಲರ ಸಹಿಗಳೂ ಆಗಿದ್ದವು. ಅರವತ್ತು ದಾಟಿದ ಆ ಹೆಣ್ಣುಮಗಳು ಸೆರಗು ಹೊದ್ದು, ಮೇಜಿನ ಅಂಚನ್ನು ಹಿಡಿದು ನಿಂತಿದ್ದಳು. ನ್ಯಾಯಾಧೀಶರು ವಾಡಿಕೆಯಂತೆ ಕೇಳಿದರು, “ಏನಮ್ಮ, ರಾಜಿ ಆಗೀರೇನು?”

ಆಕೆ ತಮ್ಮಂದಿರ ಕಡೆ ಒಮ್ಮೆ ನೋಡಿ, “ರಾಜಿ ಏನೋ ಆಗೇನ್ರೀ ಸಾಹೇಬ್ರ, ಖುಷಿ ಇಲ್ರೀ” ಎಂದಳು.

ಸಭಾಂಗಣದಲ್ಲಿ ಒಂದಿಬ್ಬರು ನಕ್ಕರು. ನ್ಯಾಯಾಧೀಶರು ನಗಲಿಲ್ಲ. ಕೈಯಲ್ಲಿದ್ದ ಪೆನ್ನನ್ನು ಮುಚ್ಚಿ ಕಡತದ ಮೇಲಿಟ್ಟರು. ಗುಮಾಸ್ತರಿಗೆ ಹೇಳಿ ಆಕೆಗೊಂದು ಕುರ್ಚಿ ತರಿಸಿದರು. ತಮ್ಮಂದಿರನ್ನೂ ವಕೀಲರನ್ನೂ ಹೊರಗೆ ಕಳಿಸಿ, “ಈಗ ಹೇಳವ್ವ” ಎಂದರು. ಆ ದಿನ ಆ ಅರ್ಜಿಗೆ ಸಹಿ ಬೀಳಲಿಲ್ಲ.